ತಾಯಿಗೆರೆ

ಮನುಷ್ಯರು ಸುಳ್ಳು ಹೇಳಬಹುದು, ಎಲುಬು ಹೇಳುವುದಿಲ್ಲ ಎಂದು ಶರ್ವಾಣಿ ಮೇಡಂ ಮೊದಲ ದಿನವೇ ಹೇಳಿದ್ದರು. ಅವರು ಮೈಸೂರಿನವರು, ಓದಿದವರು, ಎಲುಬು ಓದುವ ಯಂತ್ರವನ್ನು ಕಟ್ಟಿದವರು. ನಾನು ವಿಜಯಪುರದ ಸೈಕ್ಲಿಂಗ್ ಹಾಸ್ಟೆಲಿನಲ್ಲಿ ರೊಟ್ಟಿ ಬಡಿಯುವವಳು. ಆದರೂ ನನಗೆ ಆಗಲೇ ಒಂದು ಮಾತು ಹೊಳೆದಿತ್ತು: ಎಲುಬು ಸುಳ್ಳು ಹೇಳದಿರಬಹುದು, ಆದರೆ ಅದು ಹೇಳಿದ್ದಕ್ಕೆ ಅರ್ಥ ಹಚ್ಚುವವರು ಮನುಷ್ಯರೇ ಅಲ್ಲವೇ?

ಯಂತ್ರ ದೊಡ್ಡದೇನೂ ಅಲ್ಲ. ಕಣಕಾಲಿಗೆ ಸುತ್ತುವ ಅಂಗೈ ಅಗಲದ ಒಂದು ಪಟ್ಟಿ, ಅದಕ್ಕೊಂದು ತಂತಿ, ತಂತಿಯ ತುದಿಗೊಂದು ಪರದೆ. ಪಟ್ಟಿಯು ಕಿವಿಗೆ ಕೇಳಿಸದ ಸದ್ದನ್ನು ಎಲುಬಿನೊಳಗೆ ಕಳಿಸುತ್ತದೆ. ಸದ್ದು ತಿರುಗಿ ಬಂದ ಬಗೆಯನ್ನು ನೋಡಿ ಎಲುಬಿನ ಪದರಗಳನ್ನು ಎಣಿಸುತ್ತದೆ. ಮರದ ಬೊಡ್ಡೆಯಲ್ಲಿ ವರ್ಷಕ್ಕೊಂದು ಉಂಗುರ ಇದ್ದಂತೆ ಎಲುಬಿನಲ್ಲಿ ತಿಂಗಳಿಗೊಂದು ಪದರ. ಕಾಲು ದುಡಿದ ತಿಂಗಳು ದಪ್ಪ, ಕೂತು ಕಳೆದ ತಿಂಗಳು ತೆಳ್ಳಗೆ. ಬೆಳೆಯುವ ವಯಸ್ಸಿನ ಪದರಗಳು ಮುದುಕಿಯಾದರೂ ಅಳಿಯುವುದಿಲ್ಲವಂತೆ.

ರೇಸುಗಳೆಲ್ಲ ಮುಗಿದು ಯುಗಾದಿ ಬಂತೆಂದರೆ ನಮ್ಮ ಹುಡುಗಿಯರಿಗೆ ಆಫ್ ಸೀಸನ್. ಶ್ರಾವಣ ಮುಗಿಯುವ ತನಕ ರೇಸ್ ಇಲ್ಲ, ಬರೀ ಮೈ ಕಟ್ಟುವ ಕೆಲಸ. ಹಿಂದೆ ಈ ಐದು ತಿಂಗಳಲ್ಲಿ ಯಾರು ಎಷ್ಟು ಬೆಳೆದರು ಎಂದು ಕೋಚ್ ಮೌಲಾಲಿ ಸರ್ ಟೇಪು ಹಿಡಿದು ತೊಡೆ ಅಳೆಯುತ್ತಿದ್ದರು, ಸ್ಟಾಪ್‌ವಾಚ್ ಒತ್ತುತ್ತಿದ್ದರು. ಸ್ಟಾಪ್‌ವಾಚಿಗೆ ಆ ಒಂದು ದಿನ ಮಾತ್ರ ಗೊತ್ತು. ಹಿಂದಿನ ದಿನ ಜ್ವರ ಬಂದಿತ್ತೋ, ಎದುರುಗಾಳಿ ಇತ್ತೋ, ಅದಕ್ಕೇನು ತಿಳಿಯಬೇಕು? ಈಗ ಪ್ರತಿ ಶನಿವಾರ ಎಲುಬನ್ನೇ ಕೇಳುತ್ತಾರೆ.

ಹುಡುಗಿಯರನ್ನು ಅಳೆದದ್ದು ಸರಿ, ನನ್ನಂಥ ತಾಯಂದಿರನ್ನು ಯಾಕೆ ಕರೆದರು? ಅದನ್ನೂ ಮೇಡಂ ನನಗೆ ತಿಳಿಯುವಂತೆ ಹೇಳಿದರು.

"ನೋಡಿ ಅಮ್ಮ, ಮೈಯಲ್ಲಿರೋ ಪ್ರತಿಯೊಂದು ಕಣದಲ್ಲೂ ಸಣ್ಣ ಸಣ್ಣ ಒಲೆಗಳಿರುತ್ತೆ. ತಿಂದಿದ್ದನ್ನ ಶಕ್ತಿ ಮಾಡೋದು ಆ ಒಲೆ. ಅದು ಅಪ್ಪನಿಂದ ಬರಲ್ಲ, ತಾಯಿಯಿಂದ ಮಾತ್ರ ಬರುತ್ತೆ. ಮಗಳು ಎಲ್ಲಿವರೆಗೂ ಹೋಗಬಲ್ಲಳು ಅಂತ ತಾಯಿ ಎಲುಬು ನೋಡಿದ್ರೆ ಗೊತ್ತಾಗುತ್ತೆ."

ಒಲೆಯ ಮಾತು ನನಗೆ ಬೇಗ ತಲೆಗೆ ಹೋಯಿತು. ತಾಯಿ ಮುಟ್ಟಬಹುದಾಗಿದ್ದ ಎತ್ತರವನ್ನು ಪರದೆಯ ಮೇಲೆ ಕೆಂಪು ಗೆರೆಯಾಗಿ ಬರೆಯುತ್ತಿದ್ದರು. ಅದಕ್ಕೆ ತಾಯಿಗೆರೆ ಎಂದು ಹೆಸರಿಟ್ಟಿದ್ದರು. ಮಗಳ ಗೆರೆ ನೀಲಿ.

ಆ ದಿನ ಬಾಕಿನ ಮೇಲೆ ಐದು ಮಂದಿ ತಾಯಂದಿರು ಸಾಲಾಗಿ ಕೂತಿದ್ದೆವು. ನನ್ನ ಪಕ್ಕದಲ್ಲಿ ಹಾಸ್ಟೆಲಿನ ಹುಡುಗಿ ಸುಮಯ್ಯಾಳ ತಾಯಿ, ಹೊಲಿಗೆ ಅಂಗಡಿ ಇಟ್ಟವಳು, ಆಚೆಗೆ ಹೈಸ್ಕೂಲಿನ ಟೀಚರಮ್ಮ, ಅದರಾಚೆ ಯಾರೋ ಅಧಿಕಾರಿಯ ಹೆಂಡತಿ. ಮೇಡಂ ಎಲ್ಲರೆದುರೇ ಒಬ್ಬೊಬ್ಬರಿಗೂ ಪ್ರಶ್ನೆ ಕೇಳುತ್ತ ಬಂದರು.

"ಹದಿನಾಲ್ಕರಿಂದ ಹದಿನೆಂಟರ ವಯಸ್ಸಲ್ಲಿ ಭಾರ ಹೊರೋ ಕೆಲಸ ಏನಾದ್ರೂ ಮಾಡಿದ್ರಾ? ಮೂಟೆ, ಕಲ್ಲು, ಇಂಥದ್ದು?"

ಟೀಚರಮ್ಮ ನಕ್ಕು "ಛೇ, ಇಲ್ಲಪ್ಪಾ" ಅಂದರು. ಅಧಿಕಾರಿಯ ಹೆಂಡತಿ ಬರೀ ತಲೆಯಾಡಿಸಿದರು. ನನ್ನ ಸರದಿ ಬಂತು.

"ಇಲ್ರಿ. ಬರೇ ಸೈಕಲ್," ಅಂದೆ.

ಅದು ಸುಳ್ಳು. ಆ ವಯಸ್ಸಿನಲ್ಲಿ ನಾನೂ ಕ್ರೀಡಾ ಹಾಸ್ಟೆಲಿನಲ್ಲಿದ್ದು ರೇಸ್ ಸೈಕಲ್ ತುಳಿದದ್ದು ನಿಜ, ಆದರೆ ಬರೀ ಅದಲ್ಲ. ನಮ್ಮ ಊರಿನಿಂದ ಇಂಡಿ ಪಟ್ಟಣದ ಮಾರುಕಟ್ಟೆಗೆ ಹನ್ನೊಂದು ಕಿಲೋಮೀಟರ್. ಬೇಸಿಗೆಯಲ್ಲಿ ನಿಂಬೆಕಾಯಿಗೆ ಬೇಡಿಕೆ ಹೆಚ್ಚು. ಹರಾಜಿನ ಸವಾಲು ಕೂಗುವ ಮೊದಲೇ ಮಾಲು ಕಟ್ಟೆಯ ಮೇಲಿರಬೇಕು. ಕ್ರೀಡಾ ಹಾಸ್ಟೆಲಿಗೆ ರಜೆ ಬಿದ್ದು ನಾನು ಊರಿಗೆ ಬಂದರೆ ಅಪ್ಪ ಸೈಕಲ್ಲಿಗೆ ಎರಡು ಚೀಲ ಹೇರುತ್ತಿದ್ದ. ಎಪ್ಪತ್ತು ಕೆಜಿ. ಬಯಲಿನಲ್ಲಿ ತುಳಿಯುವುದು, ದಿಬ್ಬದಲ್ಲಿ ಇಳಿದು ನೂಕುವುದು, ಮಾರುಕಟ್ಟೆಯಲ್ಲಿ ಬೆನ್ನಿನ ಮೇಲೆ ಹೊತ್ತು ಕಟ್ಟೆಗೆ ಹಾಕುವುದು. ಅದನ್ನು ಹಮಾಲಿ ಎನ್ನುತ್ತಾರೆ. ಆ ಬಾಕಿನ ಮೇಲೆ ಕೂತು ಆ ಮಾತು ನನ್ನ ಬಾಯಿಂದ ಹೊರಡಲಿಲ್ಲ, ಅಷ್ಟೇ.

ಪಟ್ಟಿ ಕಟ್ಟಿದರು. ಪರದೆಯ ಮೇಲೆ ಕೆಂಪು ಗೆರೆ ಹೊರಟಿತು, ಏರಿತು, ಮತ್ತೂ ಏರಿತು. ಮೇಡಂ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡರು.

"ಇನ್ನೊಂದು ಕಾಲು ಕೊಡಿ ಅಮ್ಮ."

ಇನ್ನೊಂದು ಕಾಲೂ ಅದನ್ನೇ ಹೇಳಿತು. ಹದಿನೆಂಟು ವರ್ಷ ನಾಲ್ಕು ತಿಂಗಳಿಗೆ ಗೆರೆ ನಿಂತಿತ್ತು. ಅದು ನನ್ನ ಮದುವೆ. ಅಲ್ಲಿಂದ ಮುಂದೆ ಯಂತ್ರ ಚುಕ್ಕಿ ಚುಕ್ಕಿಯಾಗಿ ತಾನೇ ಬರೆದುಕೊಂಡು ಹೋಗಿತ್ತು, ಸೈಕಲ್ ಬಿಡದಿದ್ದರೆ ಎಲ್ಲಿ ಮುಟ್ಟುತ್ತಿದ್ದೆ ಎಂದು. ಪರದೆಯಲ್ಲಿ ಜಾಗ ಸಾಲದೆ ಅಳತೆಯನ್ನು ಕುಗ್ಗಿಸಬೇಕಾಯಿತು.

ಮೌಲಾಲಿ ಸರ್ ಎದ್ದು ನಿಂತುಬಿಟ್ಟರು. "ಅಕ್ಕಾರ, ಹದಿನೈದು ವರ್ಷ ನಿಮ್ಮ ಕೈಯಾಗಿನ ಚಾ ಕುಡದೀನಿ. ಇದನ್ನ ಒಂದು ದಿವಸಾನೂ ಹೇಳಲಿಲ್ಲಲ್ರಿ?"

"ನೀವು ಕೇಳಿದ್ದು ಸಕ್ಕರಿ ಹೆಚ್ಚಾತೋ ಕಮ್ಮಿ ಆತೋ ಅಂತ ಅಷ್ಟೇ ಅಲ್ರಿ ಸರ್," ಅಂದೆ.

ಎಲ್ಲರೂ ನಕ್ಕರು. ಟೀಚರಮ್ಮ ಬಾಕಿನಲ್ಲಿ ಸರಿದು ನನಗೆ ಹೆಚ್ಚು ಜಾಗ ಮಾಡಿಕೊಟ್ಟರು. ಬಾಗಿಲ ಹತ್ತಿರ ನಿಂತಿದ್ದ ನನ್ನ ಮಗಳು ನಾಗವೇಣಿ ಮಾತ್ರ ನಗಲಿಲ್ಲ.

ಒಂದು ಮಾತು ಒಪ್ಪಿಕೊಳ್ಳಬೇಕು. ಹೆತ್ತವಳು ಹೇಳಬಾರದ ಮಾತು. ನನಗೆ ನನ್ನ ಮಗಳ ಮೇಲೆ ಮೊದಲಿನಿಂದಲೂ ಹೊಟ್ಟೆಕಿಚ್ಚಿತ್ತು. ಅವಳ ಹಗುರಾದ ಸೈಕಲ್ಲಿನ ಮೇಲಲ್ಲ, ಅವಳ ಬೂಟಿನ ಮೇಲಲ್ಲ. ಅವಳ ಸೋಮವಾರದ ಮೇಲೆ. ಆಫ್ ಸೀಸನ್ನಿನಲ್ಲಿ ಪ್ರತಿ ಸೋಮವಾರ ಹುಡುಗಿಯರಿಗೆ ಪೂರ್ತಿ ವಿಶ್ರಾಂತಿ. ಮಲಗಿರುವುದೇ ಕೆಲಸ. ನಾನು ಒಲೆಯ ಮುಂದೆ ನಿಂತು ಕಿಟಕಿಯಿಂದ ನೋಡಿದರೆ ಬೇವಿನ ಮರದ ನೆರಳಲ್ಲಿ ಕಾಲು ಚಾಚಿ ಬಿದ್ದಿರುತ್ತಿದ್ದಳು. ದುಡಿಯದೇ ಮಲಗಿದರೆ ಮೈ ಬೆಳೆಯುತ್ತದೆ ಎಂದು ಅವಳ ಚಾರ್ಟಿನಲ್ಲಿ ಬರೆದಿತ್ತು. ನನಗೆ ಆ ವಯಸ್ಸಿನಲ್ಲಿ ಅಂಥ ಚಾರ್ಟು ಯಾರೂ ಕೊಟ್ಟಿರಲಿಲ್ಲ. ಬೆಳಗಿನ ರೊಟ್ಟಿ ಬಡಿಯುವಾಗ ಆ ಹುಡುಗಿಯ ಮೇಲಿನ ಸಿಟ್ಟನ್ನು ಹಿಟ್ಟಿಗೆ ತೋರಿಸುತ್ತಿದ್ದೆ. ಆಮೇಲೆ ಬೆಣ್ಣೆ ಹಚ್ಚಿ ಅವಳಿಗೇ ಹಾಕುತ್ತಿದ್ದೆ.

ಈಗ ಪರದೆಯ ಮೇಲೆ ನಾನು ಅವಳಿಗಿಂತ ಎರಡು ಗೇಣು ಮೇಲಿದ್ದೆ.

ಆ ಖುಷಿ ಒಂದು ವಾರ ಇತ್ತು. ಮುಂದಿನ ಶನಿವಾರ ಎಲ್ಲರ ಅಂಕಿಗಳನ್ನು ಗೆರೆಗಳ ಸಮೇತ ಗೋಡೆಗೆ ಹಚ್ಚಿದರು. ಆಫ್ ಸೀಸನ್ ಮುಗಿಯುವುದರೊಳಗೆ ಹುಡುಗಿ ತನ್ನ ತಾಯಿಗೆರೆಯ ನೂರಕ್ಕೆ ತೊಂಬತ್ತು ಮುಟ್ಟಿದ್ದರೆ ಮಾತ್ರ ದೆಹಲಿಯ ಶಿಬಿರಕ್ಕೆ ಕಳಿಸುವುದು ಎಂದು ನಿಯಮ. ತನ್ನಲ್ಲಿರುವುದನ್ನು ಪೂರ್ತಿ ಬಳಸಿದವಳೇ ನಿಜವಾದ ಶ್ರಮಜೀವಿ ಎಂಬುದು ಮೇಲಿನವರ ಲೆಕ್ಕ. ಸುಮಯ್ಯಾ ದಿಬ್ಬದ ಮೇಲೆ ನನ್ನ ಮಗಳಿಗಿಂತ ಒಂದು ನಿಮಿಷ ಹಿಂದೆ. ಆದರೆ ಅವಳ ತಾಯಿಯ ಗೆರೆ ಕೆಳಗಿತ್ತು, ಅವಳಿಗೆ ತೊಂಬತ್ತೊಂದು. ಸಣ್ಣ ಗಡಿಗೆ ಬೇಗ ತುಂಬುತ್ತದೆ. ನಾಗವೇಣಿಗೆ ಎಪ್ಪತ್ತೊಂದು.

ಮೌಲಾಲಿ ಸರ್ ಎಲ್ಲರೆದುರು ಅಂದುಬಿಟ್ಟರು: "ಒಲಿ ಏನೋ ಭರ್ಜರಿ ಐತಿ ವೇಣಿ. ನೀನೇ ಉರಿ ಹಚ್ಚವಲ್ಲಿ."

ಇಡೀ ಹಾಸ್ಟೆಲಿಗೆ ಮೊದಲು ಎದ್ದು ಸೈಕಲ್ ಹತ್ತುವ ಹುಡುಗಿ ಅವಳು. ಅವಳನ್ನು ಆಲಸಿ ಅಂದರು.

ಹಾಸ್ಟೆಲಿನ ಹಿಂದಿನ ಎರಡು ಕೋಣೆಗಳೇ ನಮ್ಮ ಮನೆ. ಭಾನುವಾರ ಮಧ್ಯಾಹ್ನ ಅವಳು ನಮ್ಮೊಂದಿಗೆ ಊಟ ಮಾಡುವುದು ವಾಡಿಕೆ. ಆ ಭಾನುವಾರ ಬಂದು ಕೂತಳು, ತಾಟು ಮುಟ್ಟಲಿಲ್ಲ. ನನ್ನ ಗಂಡ ಸಿದ್ಧರಾಮ ಬಸ್ ಕಂಡಕ್ಟರ್, ಮನೆಯಲ್ಲಿ ಮಾತು ನಿಂತರೆ ಅವನಿಗೆ ಉಸಿರು ಕಟ್ಟುತ್ತದೆ.

"ಮನ್ಯಾಗ ಇಬ್ಬರು ಚಾಂಪಿಯನ್ ಆದ್ರಿ. ನನ್ನ ತಾಟಿಗೆ ಪಲ್ಯ ಹಾಕವ್ರು ಯಾರೂ ಇಲ್ದಂಗಾತು," ಅಂದ.

ನಾಗವೇಣಿ ನನ್ನನ್ನೇ ನೋಡುತ್ತಿದ್ದಳು. "ಅವ್ವಾ, ನಿನಗ ಖುಷಿ ಆಗೈತಿ, ಹೌದಿಲ್ಲೋ?"

"ಯಾತರದು?"

"ನನ್ನ ಎಪ್ಪತ್ತೊಂದರದು."

"ಹುಚ್ಚೀ, ಹಂಗ ಯಾಕ ಅಂತಿ? ತಿನ್ನು," ಅಂದೆ. ಕೈ ಮಾತ್ರ ಪಲ್ಯದ ಬದಲು ನೀರಿನ ತಂಬಿಗೆಗೆ ಹೋಯಿತು. ಅವಳು ಅದನ್ನು ನೋಡಿದಳು.

ವೈಶಾಖ ಮುಗಿಯುವ ಹೊತ್ತಿಗೆ ಶರ್ವಾಣಿ ಮೇಡಂ ಒಮ್ಮೆ ನನ್ನನ್ನು ಲ್ಯಾಬಿಗೆ ಕರೆದರು. ಪರದೆಯ ಮೇಲೆ ನನ್ನ ಪದರಗಳಿದ್ದವು.

"ಒಂದು ವಿಷಯ ಅರ್ಥ ಆಗ್ತಿಲ್ಲ ಅಮ್ಮ. ಎಲ್ಲರಿಗೂ ಆಫ್ ಸೀಸನ್‌ನಲ್ಲಿ ಪದರ ತೆಳ್ಳಗಾಗುತ್ತೆ. ನಿಮಗೆ ನೋಡಿ, ಪ್ರತಿ ವರ್ಷ ಬೇಸಿಗೆಯಲ್ಲೇ ದಪ್ಪ. ನಾಲ್ಕು ಬೇಸಿಗೆ, ನಾಲ್ಕೂ ಹೀಗೇ. ಆಗ ಏನ್ ಮಾಡ್ತಿದ್ರಿ?"

ಬಾಕಿನ ಮೇಲೆ ಈಗ ಯಾರೂ ಇರಲಿಲ್ಲ. ನಾಚಿಕೆಗೆ ಕಾರಣವೇ ಇರಲಿಲ್ಲ. ಹೇಳಬಹುದಿತ್ತು.

"ಪ್ರಾಕ್ಟೀಸ್ ಮಾಡ್ತಿದ್ದೆ ಮೇಡಂ," ಅಂದೆ. "ರಜಾದಾಗೂ ಬಿಡ್ತಿರಲಿಲ್ಲ."

ಮೇಡಂ ಮೆಚ್ಚುಗೆಯಿಂದ ತಲೆಯಾಡಿಸಿ ಅದನ್ನು ಬರೆದುಕೊಂಡರು. ಮೊದಲ ಸುಳ್ಳು ನಾಚಿಕೆಯದ್ದು. ಎರಡನೆಯದು ಯಾವುದರದ್ದು ಎಂದು ನನಗೆ ಚೆನ್ನಾಗಿ ಗೊತ್ತಿತ್ತು. ಇಪ್ಪತ್ತು ವರ್ಷ ಒಬ್ಬರೂ ನೋಡದ ನನ್ನ ಕಾಲನ್ನು ಈಗ ನಾಲ್ಕು ಜನ ನಿಂತು ನೋಡುತ್ತಿದ್ದರು. ಹೊಸ ಹುಡುಗಿಯರು ಅನ್ನ ಬಡಿಸಿಕೊಳ್ಳುವಾಗ "ಅಕ್ಕಾ, ನಿಮ್ಮ ಗೆರಿ ನೋಡಿದೆವ್ರಿ" ಅನ್ನುತ್ತಿದ್ದರು. ಅದನ್ನು ಬಿಟ್ಟುಕೊಡಲು ಮನಸ್ಸು ಬರಲಿಲ್ಲ. ಮಗಳ ಎಪ್ಪತ್ತೊಂದು ಹೇಗೋ ಏರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅವಳಿಗೆ ಏನು ಕಡಿಮೆ, ಸೋಮವಾರಗಳಿವೆ.

ಅವಳು ಆ ಸೋಮವಾರಗಳನ್ನೇ ಬಿಟ್ಟಿದ್ದಳು.

ಅದು ಗೊತ್ತಾದದ್ದು ಆಷಾಢದಲ್ಲಿ. ಶನಿವಾರ ನಾನು ಚಹಾದ ಕೆಟಲ್ ಹಿಡಿದು ಲ್ಯಾಬಿಗೆ ಹೋದಾಗ ಮೇಡಂ, ಮೌಲಾಲಿ ಸರ್ ಇಬ್ಬರೂ ತಲೆ ತಗ್ಗಿಸಿ ಕೂತಿದ್ದರು.

"ನೀಲಿ ಗೆರೆ ಏರ್ತಿಲ್ಲ ಸರ್, ಇಳೀತಿದೆ," ಅನ್ನುತ್ತಿದ್ದರು ಮೇಡಂ. "ಹೊಸ ಪದರ ಗಟ್ಟಿಯಾಗೋಕೆ ಮುಂಚೆನೇ ಮತ್ತೆ ತುಳೀತಿದಾಳೆ. ವಿಶ್ರಾಂತಿ ದಿನಾನೂ ತುಳೀತಿರಬೇಕು. ಹೀಗೇ ಇನ್ನೊಂದು ಹದಿನೈದು ದಿನ ಆದ್ರೆ ಎಲುಬು ಬಿರಿಯುತ್ತೆ. ಆಮೇಲೆ ಈ ವರ್ಷ ಅಲ್ಲ, ಮುಂದಿನ ವರ್ಷನೂ ಸೈಕಲ್ ಇಲ್ಲ."

ಕೆಟಲ್ಲನ್ನು ಅಲ್ಲೇ ಇಟ್ಟು ಅವಳ ಕೋಣೆಗೆ ಹೋದೆ. ಮಂಚದ ಮೇಲೆ ಕೂತು ಕಣಕಾಲಿಗೆ ಬರ್ಫು ಹಿಡಿದುಕೊಂಡಿದ್ದಳು. ನನ್ನನ್ನು ಕಂಡು ಬಟ್ಟೆ ಎಳೆದು ಮುಚ್ಚಿದಳು.

"ಸೋಮವಾರ ಎಲ್ಲಿಗೆ ಹೊಂಟಿರ್ತಿ ನೀ?"

"ಸಿಂದಗಿ ರೋಡಿಗೆ."

"ಯಾರು ಹೇಳಿದ್ರು ನಿನಗ? ಮಲಕೋ ಅಂತ ಬರದಿಲ್ಲೇನು ಚಾರ್ಟಿನ್ಯಾಗ? ಹಿಂಗಾದ್ರ ಎಲುಬು ಬಿರೀತೈತಂತ."

"ನಿನಗ ಚಾರ್ಟ್ ಇತ್ತೇನು?" ಅವಳ ದನಿ ಏರಿತು. "ಬ್ಯಾಸಗಿ ರಜಾದಾಗ ನಿನ್ನ ಗೆರಿ ಏರೇತಿ, ಮೇಡಂ ಎಲ್ಲಾರಿಗೂ ತೋರಸ್ಯಾರ. ರಜಾದಾಗೂ ಪ್ರಾಕ್ಟೀಸ್ ಬಿಡ್ತಿರಲಿಲ್ಲಂತ. ನಿನಗ ಎಲುಬು ಬಿರೀಲಿಲ್ಲ, ನನಗ ಹ್ಯಾಂಗ ಬಿರೀತೈತಿ? ನಿನ್ನ ಒಲಿನೇ ಅಲ್ಲೇನು ನನ್ನ ಮೈಯಾಗ ಇರೂದು?"

"ವೇಣೀ, ನನ್ನ ಮಾತ ಕೇಳು."

"ನಿನ್ನ ಮಾತ ಬ್ಯಾಡ. ಸುಮ್ಮನ ಅಡಗೀ ಮಾಡಾಕಿ ಇದ್ದಿ, ಚಲೋ ಇದ್ದಿ. ಈಗ ಎಲ್ಲಿ ನೋಡಿದರಲ್ಲಿ ನೀನ. ಗ್ವಾಡಿ ಮ್ಯಾಲೂ ನೀನ, ತಾಟಿನ್ಯಾಗೂ ನೀನ. ನಾ ನಿನ್ನ ದಾಟಾಕ ಬೇಕು, ಇಲ್ಲಾ ಸೈಕಲ್ ಬಿಡಾಕ ಬೇಕು. ಎರಡರಾಗ ಒಂದು."

ಅಲ್ಲೇ ಹೇಳಬೇಕಿತ್ತು. ಬಾಯಿ ತೆರೆದೆ. ಅವಳ ಕಣ್ಣಿನಲ್ಲಿ ಇದ್ದದ್ದು ಬರೀ ಹೊಟ್ಟೆಕಿಚ್ಚು, ಹದಿನೇಳರ ಹುಡುಗಿಯ ಹಸಿ ಕಿಚ್ಚು, ಅದೂ ನನ್ನ ಮೇಲೆ. ನನ್ನ ಜೀವಮಾನದಲ್ಲಿ ಯಾರೂ ನನ್ನ ಮೇಲೆ ಹಾಗೆ ಕಿಚ್ಚುಪಟ್ಟಿರಲಿಲ್ಲ. ಆ ಒಂದು ಗಳಿಗೆ ಅದರ ರುಚಿ ನೋಡುತ್ತ ನಿಂತುಬಿಟ್ಟೆ. ಏನೂ ಹೇಳದೆ ತಿರುಗಿ ಬಂದೆ.

ಮರುದಿನ ಬೆಳಿಗ್ಗೆ ತಿಂಡಿಗೆ ಬರುವಾಗ ಅವಳು ಮೂರು ಮೆಟ್ಟಿಲು ಇಳಿಯಬೇಕಿತ್ತು. ಕೈಯಲ್ಲಿ ಗೋಡೆ ಹಿಡಿದು, ಬಲಗಾಲನ್ನು ಊರದೆ, ಎಡಗಾಲಿನ ಮೇಲೇ ಒಂದೊಂದಾಗಿ ಕುಪ್ಪಳಿಸಿ ಇಳಿದಳು. ಯಾರೂ ನೋಡುತ್ತಿಲ್ಲ ಅಂದುಕೊಂಡಿದ್ದಳು. ಹಂಚಿನ ಮೇಲಿದ್ದ ರೊಟ್ಟಿಯನ್ನು ಹಾಗೇ ಬಿಟ್ಟು ಲ್ಯಾಬಿಗೆ ನಡೆದೆ.

"ಮೇಡಂ, ಬರಕೋರಿ. ನಾ ಹಮಾಲಿ ಮಾಡೀನಿ."

ಅವರಿಗೆ ಅರ್ಥವಾಗಲಿಲ್ಲ. ನಿಂಬೆಕಾಯಿ, ಚೀಲ, ಇಂಡಿ, ಎಲ್ಲ ಹೇಳಿದೆ. ಅವರ ಮುಖ ಕೆಂಪಾಯಿತು.

"ಎರಡು ಸಲ ಕೇಳಿದ್ನಲ್ಲ ಅಮ್ಮ! ಒಂದು ಮಾತು ಹೇಳಿದ್ರೆ ಆಗ್ತಿರಲಿಲ್ವಾ? ಆ ಹುಡುಗಿ ಕಾಲು..."

"ಕೇಳಿದ್ರಿ. ಮೊದಲನೇ ಸಲ ನಾಚಿಕಿ ಆತು. ಆಮ್ಯಾಲ ಗೆರಿ ನೋಡಿದ ಮ್ಯಾಲ ನಾಚಿಕಿ ಹೋತು, ಆಸೆ ಬಂತು. ತಪ್ಪು ನಂದ. ಆದರ ಮೇಡಂ, ಇನ್ನ ಮ್ಯಾಲ ತಾಯಂದಿರನ್ನ ಒಬ್ಬೊಬ್ಬರನ್ನ ಬಾಗಲಾ ಹಾಕಿ ಕೇಳ್ರಿ. ನಾಕು ಮಂದಿ ಮುಂದ ಕೇಳಿದ್ರ ಎಲುಬು ಮಾತಾಡೂದಿಲ್ಲ, ಮಾನ ಮಾತಾಡ್ತೈತಿ."

ಮೇಡಂ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. ಭಾರದಿಂದ ಬೆಳೆದ ದಪ್ಪವನ್ನು ಕಳೆದು ಒಲೆಯ ಕಸುವನ್ನು ಮಾತ್ರ ಉಳಿಸಿಕೊಳ್ಳಬೇಕು, ಅದಕ್ಕೆ ಒಂದೊಂದು ವಿವರವೂ ಬೇಕು ಅಂದರು. ಎಷ್ಟು ಚೀಲ? ಎಷ್ಟು ದೂರ? ದಿಬ್ಬ ಎಷ್ಟು? ನಾನು ಹೇಳುತ್ತ ಹೋದೆ, ಅವರು ತುಂಬುತ್ತ ಹೋದರು. ಹೇಳಿದ ಪ್ರತಿ ಮಾತಿಗೂ ಕೆಂಪು ಗೆರೆ ಒಂದಿಷ್ಟು ಇಳಿಯಿತು. ನನ್ನ ಬಾಯಿಂದಲೇ ನನ್ನನ್ನು ಕೆಳಗಿಳಿಸುತ್ತಿದ್ದೆ.

"ವಾರಕ್ಕೆ ಎಷ್ಟು ದಿನ?"

"ಮೂರು," ಅಂದೆ.

ಅವರು ತುಂಬಲು ಬೆರಳು ಎತ್ತಿದರು. ಗೆರೆ ಇನ್ನೂ ಸಾಕಷ್ಟು ಮೇಲಿತ್ತು. ಮೂರಕ್ಕೇ ಬಿಟ್ಟರೆ ಅಷ್ಟಾದರೂ ಉಳಿಯುತ್ತಿತ್ತು.

"ಅಲ್ಲ, ಐದ್ರಿ. ಐದು ದಿನ."

ಗೆರೆ ಇಳಿದು ನಿಂತಿತು. ಪರದೆಯ ಅಳತೆಯನ್ನು ಮತ್ತೆ ಹಿಗ್ಗಿಸಿದರು. ಅದು ಈಗ ಒಬ್ಬ ಒಳ್ಳೆಯ ಹುಡುಗಿಯ ಗೆರೆ, ಅಷ್ಟೇ. ನೋಡಲು ಜನ ನಿಲ್ಲುವಂಥದ್ದಲ್ಲ. ನಾಗವೇಣಿಯ ಅಂಕಿ ತೊಂಬತ್ತಮೂರು ಎಂದು ಬಂತು.

"ಇದೂ ಅಂದಾಜೇ ಅಮ್ಮ," ಅಂದರು ಮೇಡಂ ಮೆಲ್ಲಗೆ. "ಯಾವುದು ಚೀಲದ್ದು, ಯಾವುದು ನಿಮ್ಮದು ಅಂತ ಪೂರ್ತಿ ಬಿಡಿಸೋಕೆ ಈ ಯಂತ್ರಕ್ಕೆ ಬರಲ್ಲ."

ಮೌಲಾಲಿ ಸರ್ ಅವಳ ಸೈಕಲ್ಲಿಗೆ ಬೀಗ ಹಾಕಿ ಬೀಗದ ಕೈಯನ್ನು ತಮ್ಮ ಜೇಬಿಗೆ ಹಾಕಿಕೊಂಡರು. ಮೂರು ವಾರ ತುಳಿಯುವಂತಿಲ್ಲ. ಅವಳಿಗೆ ವಿಷಯ ಹೇಳುವ ಕೆಲಸವನ್ನು ನಾನೇ ತೆಗೆದುಕೊಂಡೆ. ಅಡುಗೆಮನೆಯಲ್ಲಿ ಇಬ್ಬರೇ ಇದ್ದಾಗ ಹೇಳಿದೆ, ಏನನ್ನೂ ಮುಚ್ಚಿಡಲಿಲ್ಲ. ಕೇಳಿಕೊಂಡು ಅವಳು ಒಂದೇ ಮಾತು ಕೇಳಿದಳು.

"ನನ್ನ ಕಾಲ ನೋವು ನಿನಗ ನಿನ್ನೇನ ಗೊತ್ತಾಗಿತ್ತೇನು?"

"ನಿನ್ನೇನ ಗೊತ್ತಾಗಿತ್ತು."

ಎದ್ದು ಹೋದಳು. ಮೂರು ವಾರ ನನ್ನೊಂದಿಗೆ ಮಾತಾಡಲಿಲ್ಲ. ಊಟಕ್ಕೆ ಸಾಲಿನಲ್ಲಿ ನಿಂತು ಬೇರೆಯವಳ ಕೈಯಿಂದ ಬಡಿಸಿಕೊಂಡಳು. ಸಿದ್ಧರಾಮ ಇಬ್ಬರ ನಡುವೆ ಬಸ್ಸಿನಂತೆ ಓಡಾಡಿ ಸೋತ. "ಒಬ್ಬಾಕಿ ಹತ್ತವಲ್ಲಳು, ಇನ್ನೊಬ್ಬಾಕಿ ಇಳೀವಲ್ಲಳು, ನಾ ಎಷ್ಟೊತ್ತು ಸೀಟಿ ಊದಲಿ?" ಅಂದ. ನಾನೂ ಅವಳ ಬೆನ್ನು ಹತ್ತಿ ಹೋಗಲಿಲ್ಲ. ಆ ಸಿಟ್ಟು ನ್ಯಾಯದ್ದು. ಅದು ಬೇಯಲು ಹೊತ್ತು ಬೇಕು, ಉರಿ ಹೆಚ್ಚಿಸಿದರೆ ಸೀದುಹೋಗುತ್ತದೆ.

ಶ್ರಾವಣದ ಕೊನೆಯ ಅಳತೆಯಲ್ಲಿ ಅವಳ ಎಲುಬು ಗಟ್ಟಿಯಾಗಿತ್ತು. ತೊಂಬತ್ತೆರಡು. ಶಿಬಿರದ ಪಟ್ಟಿಯಲ್ಲಿ ಅವಳ ಹೆಸರೂ ಸುಮಯ್ಯಾಳ ಹೆಸರೂ ಬಂದವು. ಹೊರಡುವ ದಿನ ಮಧ್ಯಾಹ್ನ ನಾನು ದಾರಿಗೆಂದು ಶೇಂಗಾ ಹೋಳಿಗೆ ಕಟ್ಟುತ್ತಿದ್ದೆ. ಬಾಗಿಲಲ್ಲಿ ನಿಂತಳು. ಹೋಗುತ್ತೇನೆ ಅನ್ನಲಿಲ್ಲ, ಕಾಲು ಮುಟ್ಟಲಿಲ್ಲ.

"ಅವ್ವಾ, ಒಂದು ಖರೇ ಹೇಳು. ಚೀಲ ಗೀಲ ಎಲ್ಲಾ ತಗದು, ಬರೇ ನೀನು, ಬರೇ ಸೈಕಲ್. ನನ್ನ ವಯಸ್ಸಿನ್ಯಾಗ ನೀ ನನಗಿಂತ ಜೋರಿದ್ದೇನು?"

ಯಂತ್ರಕ್ಕೇ ಗೊತ್ತಿಲ್ಲದ ಮಾತು. ಇಲ್ಲ ಎಂದರೆ ಅವಳು ಹಗುರಾಗಿ ಹೋಗುತ್ತಿದ್ದಳು. ಒಳ್ಳೆಯ ತಾಯಿ ಹಾಗೇ ಹೇಳುತ್ತಿದ್ದಳೇನೋ. ನಾನು ಆ ಹುಡುಗಿಯನ್ನು ಹದಿನೇಳು ವರ್ಷ ನೋಡಿದ್ದೇನೆ. ಹಗುರಾದರೆ ಅವಳು ತುಳಿಯುವುದಿಲ್ಲ.

"ಇದ್ದೆ," ಅಂದೆ.

ಅವಳ ಮೂಗಿನ ಹೊಳ್ಳೆ ಅರಳಿತು. "ಸುಳ್ಳು."

"ಹಂಗಂತ ತೋರಸು ಹೋಗು."

ಹೋಳಿಗೆಯ ಡಬ್ಬಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು. "ತೋರಸ್ತೀನಿ. ಸೋಮವಾರ ಮಲಕೊಂಡೂ ತೋರಸ್ತೀನಿ," ಎಂದು ಹಲ್ಲು ಕಚ್ಚಿಕೊಂಡೇ ನಕ್ಕು ಹೋದಳು.

ಬರುವ ಸಂಕ್ರಾಂತಿಯ ಹೊತ್ತಿಗೆ ನೀಲಿ ಗೆರೆ ಕೆಂಪನ್ನು ದಾಟುತ್ತದೆ ಎಂದು ಶರ್ವಾಣಿ ಮೇಡಂ ಲೆಕ್ಕ ಹಾಕಿದ್ದಾರೆ. ದಾಟಲಿ. ನನ್ನ ಮಗಳು ನನ್ನನ್ನು ದಾಟಿಯೇ ಹೋಗಲಿ. ತುಸುವೇ ದಾಟಲಿ.